ಅಕ್ಕನ ಬೆರಳಿನ ಗುರುತು

ಕೊಟ್ಟೂರು
ಮಹಾನವಮಿ ಅಮಾವಾಸ್ಯೆ, ೨೦೦೩

ನನ್ನ ಕೊರಳಲ್ಲೇ ಮನೆ ಮಾಡಿಕೊಂಡಿರುವ ಅಕ್ಕ ಗುರುಬಸಮ್ಮನಿಗೆ, ತಂಗಿ ತಿಪ್ಪೇರುದ್ರಮ್ಮ ಬರೆಯುವುದು.

ಪತ್ರ ಎಂದರೆ ಮೊದಲು ಕ್ಷೇಮ ಬರೆಯಬೇಕು. ನಾವೆಲ್ಲ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನ ಕ್ಷೇಮ ತಿಳಿಸು ಎಂದರೆ ನೀನು ನಿಜವಾಗಿಯೂ ತಿಳಿಸಿಬಿಟ್ಟೀಯ ಎಂದು ಭಯ. ಹಾಗಾಗಿ ಅದನ್ನು ಬಿಟ್ಟೆ. ಇವತ್ತು ಹಿರಿಯರ ಹಬ್ಬ. ನಡುಮನೆಯಲ್ಲಿ ನಿನಗೆ ಎಡೆ ಇಟ್ಟು, ಹೊಸ ಸೀರೆ ಇಟ್ಟು, ನೀನು ಉಂಡು ಹೋಗಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಒಳಗೆ ತಟ್ಟೆ ಸರಿದ ಸದ್ದಾಯಿತು. ಬೆಕ್ಕಿರಬೇಕು ಎಂದರು ನಿನ್ನ ಗಂಡ. ಬೆಕ್ಕು ಅವರ ಕಾಲ ಹತ್ತಿರವೇ ಮಲಗಿತ್ತು.

ನಿನ್ನ ಗಂಡ ಎಂದು ಬರೆದೆ ನೋಡು. ನನಗೂ ಅವರೇ ಗಂಡ. ಆದರೆ ಬಾಯಲ್ಲಿ ಇವತ್ತಿಗೂ ಮಾವ ಎಂದೇ ಬರುತ್ತದೆ, ಜಂಬಣ್ಣ ಮಾವ. ನಿನ್ನನ್ನು ಮಣ್ಣು ಮಾಡಿ ಬಂದವರ ಕಾಲಿನ ಧೂಳು ಉದುರುವ ಮೊದಲೇ ತವರು ತೆಲಿಗಿಯಲ್ಲಿ ನಮ್ಮ ಅಪ್ಪನ ಮುಂದೆ ಮಾತು ಎದ್ದಿತ್ತು. "ಕೂಸು ಇನ್ನಾ ಎಳೇದೈತಿ. ಬ್ಯಾರೇದಾಕಿ ಬಂದ್ರ ನೋಡ್ತಾಳೇನು? ತಂಗೀನ ಕೊಡ್ರಿ." ಕೊಟ್ಟರು. ನನ್ನನ್ನು ಕೇಳಿದವರು ಯಾರೂ ಇಲ್ಲ. ತಾಳಿಯ ಪಕ್ಕದಲ್ಲೇ ನಿನ್ನ ಹೆಸರಿನ ಬೆಳ್ಳಿ ಮುಖವನ್ನೂ ಕಟ್ಟಿದರು. ಸತ್ತ ಮೊದಲ ಹೆಂಡತಿ ಎರಡನೆಯವಳನ್ನು ಕಾಡಬಾರದು ಎಂದು ಹಾಗೆ ಕಟ್ಟುತ್ತಾರೆ, ನಿನಗೂ ಗೊತ್ತು. ಎರಡು ಕಣ್ಣು, ಒಂದು ಮೂಗು. ಬಾಯಿ ತೆಗೆಯಲು ಅಕ್ಕಸಾಲಿಗ ಮರೆತಿದ್ದ. ಹೊಸ ಸೀರೆ ಉಟ್ಟರೆ ಮೊದಲು ನಿನಗೆ ಮುಟ್ಟಿಸಬೇಕು, ಹೂ ಮುಡಿಯುವ ಮೊದಲು ಒಂದೆಸಳು ನಿನಗೆ. ಬದುಕಿದ್ದಾಗ ನನ್ನ ರಿಬ್ಬನ್ ಕಿತ್ತುಕೊಳ್ಳುತ್ತಿದ್ದ ಖೋಡಿ, ಸತ್ತ ಮೇಲೂ ಬಿಡಲಿಲ್ಲವಲ್ಲ ಎಂದು ಆವತ್ತು ನನಗೆ ಅಳುವಿನ ನಡುವೆ ನಗು ಬಂದಿತ್ತು.

ನಿನ್ನ ಮಗಳು ಅರ್ಚನಾ ನನ್ನನ್ನು ಚಿಗವ್ವಾ ಎಂದು ಕರೆಯುತ್ತಾಳೆ. ಮಾವನ ಮಂಡಕ್ಕಿ ಬಟ್ಟಿಯ ಹೊಗೆಯಲ್ಲಿ ಬೆಳೆದ ಹುಡುಗಿ, ಮೈಯೆಲ್ಲ ಹುರಿದ ಅಕ್ಕಿಯ ವಾಸನೆ. ರಾತ್ರಿ ನನ್ನ ತೋಳನ್ನು ಹಿಡಿದುಕೊಳ್ಳದೆ ಮಲಗಿದವಳಲ್ಲ. ನಾನು ಹೆರಲಿಲ್ಲ. ಹೆರಬೇಕು ಎಂದು ಅನ್ನಿಸಲೂ ಇಲ್ಲ, ಅವಳೇ ಸಾಕಾಗಿದ್ದಳು. ಇದನ್ನು ನಿನಗೆ ಹೊಟ್ಟೆಕಿಚ್ಚಾಗಲಿ ಎಂದು ಬರೆಯುತ್ತಿಲ್ಲ, ಆದರೂ ಸ್ವಲ್ಪ ಆಗಲಿ.

ಹೋದ ವರ್ಷ ಬೇಸಿಗೆಯಲ್ಲಿ ಶುರುವಾಯಿತು. ಎದೆಯ ಮೇಲೆ, ಸರಿಯಾಗಿ ನಿನ್ನ ಬೆಳ್ಳಿ ಮುಖ ಕೂರುವ ಜಾಗದಲ್ಲಿ, ನೇರಳೆ ಬಣ್ಣದ ಒಂದು ಕಲೆ. ನೋವಿಲ್ಲ. ಆಮೇಲೆ ತೊಡೆಯ ಮೇಲೆ, ಮೊಣಕೈಯ ಮೇಲೆ. ಎಲ್ಲೂ ತಾಗಿಸಿಕೊಂಡಿಲ್ಲ, ಬಿದ್ದಿಲ್ಲ. ಬೆಳಿಗ್ಗೆ ಏಳುವಾಗ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ, ಉಗುಳಿದರೆ ಎಲೆಅಡಿಕೆ ಹಾಕಿದವಳಂತೆ ಕೆಂಪು. ರಾತ್ರಿಯೆಲ್ಲ ನಾನು ಏನು ತಿಂದೆ ಎಂದು ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಓಣಿಯವರು ಮೊದಲು ಮಾವನ ಮೇಲೆ ಹೊರಿಸಿದರು. ನಲ್ಲಿಯ ಹತ್ತಿರ ಪಕ್ಕೀರಮ್ಮ ನನ್ನ ಕೈ ನೋಡಿ, "ಮೊದಲನೇದಾಕಿನ್ನೂ ಹಿಂಗ ಬಡದೂ ಬಡದೂ ಕೊಂದ. ಮಾರಿ ನೋಡಿದ್ರ ಬಸವಣ್ಣ, ಕೈ ನೋಡಿದ್ರ ಯಮ" ಎಂದಳು. ಅಕ್ಕಾ, ಆ ಮಾತು ಕೇಳಿದಾಗ ನನಗೆ ನೆನಪಾದದ್ದು ನೀನು ಪಂಚಮಿಗೆ ತೆಲಿಗಿಗೆ ಬಂದಿದ್ದ ವರ್ಷ. ಎಣ್ಣೆ ಹಚ್ಚಲು ಕೂತಾಗ ನಿನ್ನ ಬೆನ್ನ ಮೇಲೆ ಇಂಥವೇ ಕಲೆಗಳಿದ್ದವು. ಕೇಳಿದ್ದಕ್ಕೆ, "ಕದದ ಅಗಳಿ ಬಡೀತಲೇ ತಿಪ್ಪಿ, ಅಪ್ಪಗ ಹೇಳಬ್ಯಾಡ" ಎಂದೆ. ಬೆನ್ನಿಗೆ ಯಾವ ಅಗಳಿ ಬಡಿಯುತ್ತದೆ? ಹೇಳಿಬಿಟ್ಟೆ. ಅಪ್ಪ ಕೊಟ್ಟೂರಿಗೆ ಬಂದು ಬಟ್ಟಿಯ ಮುಂದೆ ನಾಲ್ಕು ಜನರ ಎದುರಿಗೆ ಮಾವನ ಕೊರಳಪಟ್ಟಿ ಹಿಡಿದರು. ಮಾವ ಕೈ ಮುಗಿದು ಅತ್ತರು, "ನಾನು ಮುಟ್ಟಿಲ್ರಿ ಮಾವಾರ" ಎಂದರು. ಅಪ್ಪ ಸಾಯುವವರೆಗೂ ನಂಬಲಿಲ್ಲ, ಆದರೂ ನಿನ್ನ ಕೂಸಿಗಾಗಿ ನನ್ನನ್ನು ಅದೇ ಕೈಗೆ ಕೊಟ್ಟರು. ಹೊಡೆಯದ ಗಂಡಸಿನ ಹೆಂಡಿರಿಬ್ಬರ ಮೈಯಲ್ಲೂ ಒಂದೇ ಗುರುತು.

ಹಾಗಾದರೆ ಹೊಡೆಯುವವರು ಯಾರು? ಉತ್ತರವನ್ನು ನಮ್ಮ ಅತ್ತೆಯೇ ಕಂಡುಹಿಡಿದರು. ಒಂದು ಬೆಳಿಗ್ಗೆ ನನ್ನ ಎಡತೋಳಿನ ಮೇಲೆ ಸಾಲಾಗಿ ನಾಲ್ಕು ಕಲೆ, ಹಿಂದುಗಡೆ ಒಂದು. ಹಿಡಿದ ಕೈ! ಅತ್ತೆ ನನ್ನ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿದರು, ಅವರ ಮುಖ ಬಿಳುಚಿಕೊಂಡಿತು. "ಇಷ್ಟು ಸಣ್ಣ ಬೆರಳು ಈ ಮನ್ಯಾಗ ಇದ್ದದ್ದು ಒಬ್ಬಾಕಿಗೇ. ಗುರುಬಸವ್ವಂದು. ತನ್ನ ಗಂಡನ್ನ ಮಾಡಿಕೊಂಡೀಯಂತ ಹಿಡ್ಯಾಕ ಹತ್ಯಾಳ." ನೀನು ಬಳೆಗಾರನ ಹತ್ತಿರ ಸಣ್ಣ ಹುಡುಗಿಯರ ಅಳತೆಯ ಬಳೆ ಕೇಳುತ್ತಿದ್ದವಳು. ನಾನು ನಗಲು ಹೋದೆ, ನಗು ಬರಲಿಲ್ಲ.

ಆವತ್ತಿನಿಂದ ನಿನ್ನ ಜೊತೆ ಜಗಳ ಶುರು ಮಾಡಿದೆ. ಬೆಳ್ಳಿ ಮುಖಕ್ಕೆ ಅರಿಶಿನ ಹಚ್ಚುತ್ತಲೇ ಬೈಯುತ್ತಿದ್ದೆ: ನಾನು ಬೇಡಿ ಬಂದೆನೇನೇ? ನಿನ್ನ ಕೂಸಿನ ಮೂಗು ಒರೆಸಲು ಬಂದವಳಿಗೆ ಇದೇನಾ ಕೂಲಿ? ಬೈದ ದಿನ ಮೂಗಿನಿಂದ ರಕ್ತ ಇಳಿಯುತ್ತಿತ್ತು. ಬೈಯದ ದಿನವೂ ಇಳಿಯುತ್ತಿತ್ತು, ಅದು ಬೇರೆ ಮಾತು. ಆದರೆ ಬೈದ ದಿನದ್ದು ಮಾತ್ರ ಲೆಕ್ಕಕ್ಕೆ ಬರುತ್ತಿತ್ತು.

ಈ ವರ್ಷದ ಶ್ರಾವಣದಲ್ಲಿ ಒಂದು ದಿನ ಏನಾಯಿತೆಂದು ನನಗೆ ನೆನಪೇ ಇಲ್ಲ. ಅವರು ಹೇಳಿದ್ದನ್ನು ಬರೆಯುತ್ತೇನೆ. ಬೆಳಿಗ್ಗೆಯಿಂದ ಮಂಕಾಗಿದ್ದೆನಂತೆ. ಆಮೇಲೆ ಎದ್ದು ಟ್ರಂಕು ತೆಗೆದು ನಿನ್ನ ಇಳಕಲ್ ಸೀರೆ ಉಟ್ಟುಕೊಂಡೆನಂತೆ, ಅದೂ ಒಳಗಿನದು ಹೊರಗೆ ಮಾಡಿ. ಗೋಡೆಯ ಕಡೆ ತಿರುಗಿ ಯಾರ ಜೊತೆಗೋ ಮಾತು, ನಾಲಿಗೆ ತೊದಲು. ಕೈ ಚಾಚಿದರೆ ಹಕ್ಕಿಯ ರೆಕ್ಕೆಯ ಹಾಗೆ ಬಡಿದುಕೊಳ್ಳುತ್ತಿತ್ತಂತೆ. "ಅರ್ಚನಾ ಎಲ್ಲ್ಯದಾಳ? ಅಕೀನ ನನ್ನ ಹಂತ್ಯಾಕ ಕಳಸ್ರಿ" ಎಂದು ಮತ್ತೆ ಮತ್ತೆ ಕೇಳಿದೆನಂತೆ. ಅತ್ತೆಗೆ ಅಷ್ಟು ಸಾಕಾಯಿತು. ಬಂದವಳು ನೀನು, ಕರೆಯುವುದು ಮಗಳನ್ನು. ಅವತ್ತೇ ಅರ್ಚನಾಳನ್ನು ಬಸ್ಸಿಗೆ ಹತ್ತಿಸಿ, ಮಾಗಳದಲ್ಲಿರುವ ಮಾವನ ತಂಗಿ ಸುಮಲತಾಳ ಮನೆಗೆ ಸಾಗಿಸಿದರು. ತುಂಗಭದ್ರೆಯ ದಂಡೆ, ಹೊಳೆ ಇದ್ದ ಕಡೆ ದೆವ್ವದ ಗಾಳಿ ಬರುವುದಿಲ್ಲ ಎಂದು ಲೆಕ್ಕ. ನನಗೆ ಎಚ್ಚರವಾದಾಗ ತೋಳು ಖಾಲಿ.

ಗುಡೇಕೋಟೆ ಕಡೆಯಿಂದ ಗಾಳಿ ಬಿಡಿಸುವ ದುರುಗಪ್ಪ ಬಂದ. ಲಿಂಬೆಹಣ್ಣು, ಬೂದಿ, ಬೇವಿನ ಕಡ್ಡಿ ಕಟ್ಟಿದ ಬರಲು. "ಯಾರಾಕಿ ನೀನು, ಹೇಳು" ಎಂದು ಬೇವಿನ ಬರಲಿನಿಂದ ಭುಜಕ್ಕೆ ಬಡಿದ. ಹಗುರಾಗಿಯೇ ಬಡಿದ, ಪಾಪ. ಆದರೆ ಬಡಿದಲ್ಲೆಲ್ಲ ಅವನ ಕಣ್ಣೆದುರಿಗೇ ನೇರಳೆ ಏಳತೊಡಗಿತು. ಮೂಗಿನಿಂದ ಶುರುವಾದ ರಕ್ತ ನಿಲ್ಲಲಿಲ್ಲ. ಆಮೇಲೆ ವಾಂತಿ ಬಂತು, ಅದೂ ರಕ್ತವೇ, ಗಂಗಾಳದ ತುಂಬ. ನೆಲದ ಮೇಲೆ ಚೆಲ್ಲಿದ್ದು ಎಷ್ಟು ಹೊತ್ತಾದರೂ ನೀರಿನ ಹಾಗೆ ಹರಿಯುತ್ತಲೇ ಇತ್ತು, ಗಟ್ಟಿಯಾಗಲಿಲ್ಲ. ದುರುಗಪ್ಪ ಬರಲು ಕೈಬಿಟ್ಟು ಹಿಂದಕ್ಕೆ ಸರಿದ. "ಸಾವ್ಕಾರ್ರ, ಇದು ನನ್ನ ಕೈ ಮೀರೈತ್ರಿ. ಗಾಡಿ ಮಾಡ್ರಿ" ಎಂದವನು ಚೀಲವನ್ನೂ ಬಿಟ್ಟು ಹೋದ. ಆ ಚೀಲ ಇನ್ನೂ ದನದ ಕೊಟ್ಟಿಗೆಯಲ್ಲಿ ನೇತಾಡುತ್ತಿದೆ, ಮುಟ್ಟುವವರೇ ಇಲ್ಲ.

ಟ್ರ್ಯಾಕ್ಸ್ ಗಾಡಿಯಲ್ಲಿ ಮಲಗಿಸಿಕೊಂಡು ಹರಪನಹಳ್ಳಿ ದಾಟಿ ದಾವಣಗೆರೆಗೆ ಒಯ್ದರು. ದಾರಿಯುದ್ದಕ್ಕೂ ಮಾವ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಗುರುಬಸಿ, ಬಿಟ್ಟುಬಿಡ, ಬಿಟ್ಟುಬಿಡ" ಎನ್ನುತ್ತಿದ್ದರು. ನಿನ್ನನ್ನು ಬೇಡುತ್ತಿದ್ದರೋ ನನ್ನನ್ನೇ ನೀನೆಂದು ತಿಳಿದಿದ್ದರೋ, ಕೇಳುವ ಧೈರ್ಯ ಇವತ್ತಿಗೂ ಆಗಿಲ್ಲ.

ಅಲ್ಲಿ ಗಂಟಲಲ್ಲಿ ನಳಿಗೆ ಇಳಿಸಿ, ಒಳಗೆ ಒಡೆದಿದ್ದ ರಕ್ತನಾಳಕ್ಕೆ ರಬ್ಬರಿನ ಉಂಗುರ ಹಾಕಿ ಬಿಗಿದರು. ಯಾರ ಯಾರದೋ ರಕ್ತ ಏರಿಸಿದರು. ನಾನು ಕಣ್ಣು ತೆರೆದ ಮೇಲೆ ಡಾಕ್ಟರಮ್ಮ ಮಂಚದ ಅಂಚಿಗೆ ಕೂತು ಹೇಳಿದರು. "ನಿನ್ನ ಲಿವರ್ ಬಹಳ ವರ್ಷದಿಂದ ಕೆಡ್ತಾ ಬಂದಿದೆಯಮ್ಮ. ಹಾಲಿಗೆ ಹೆಪ್ಪು ಹಾಕ್ತೀಯಲ್ಲ? ರಕ್ತಕ್ಕೂ ಹೆಪ್ಪು ಬೇಕು. ಆ ಹೆಪ್ಪು ತಯಾರಾಗೋದು ಲಿವರಿನಲ್ಲಿ. ಅದೇ ಇಲ್ಲ ಅಂದ್ರೆ ರಕ್ತ ನಿಲ್ಲೋದು ಹೇಗೆ? ಸುಮ್ನೆ ಮುಟ್ಟಿದ್ರೂ ಕಲೆ ಬೀಳುತ್ತೆ." ಇನ್ನೂ ಒಂದು ವಿಚಿತ್ರ ಹೇಳಿದರು. ಬೇಕಾದ ಕಡೆ ಹೆಪ್ಪುಗಟ್ಟದ ಈ ರಕ್ತ, ಬೇಡವಾದ ಕಡೆ, ಹೊಟ್ಟೆಯೊಳಗಿನ ನಾಳದಲ್ಲಿ, ಒಮ್ಮೊಮ್ಮೆ ತಾನಾಗಿ ಗಟ್ಟಿಯಾಗಿ ಕೂರುತ್ತದಂತೆ. ಲಿವರ್ ಕೆಟ್ಟರೆ ಮೈಯ ವಿಷ ತಲೆಗೇರಿ ಮಂಕು ಕವಿಯುತ್ತದೆ, ಮಾತು ತಪ್ಪುತ್ತದೆ, ಆ ದಿನ ಆದದ್ದು ಅದೇ ಎಂದರು. ನಾನು ಹೆಂಡ ಮುಟ್ಟಿದವಳಲ್ಲ ಎಂದೆ. "ಗೊತ್ತು. ಇದು ರಕ್ತದಲ್ಲಿರೋ ಕಾಮಾಲೆ ವೈರಸ್. ಹೆರಿಗೆ ಹೊತ್ತಲ್ಲಿ ತಾಯಿಂದ ಮಗುವಿಗೆ ಬರುತ್ತೆ, ಎಷ್ಟೋ ವರ್ಷ ಸುಮ್ನಿರುತ್ತೆ. ನಿಮ್ಮ ತಾಯಿ ಹೇಗೆ ತೀರಿಕೊಂಡ್ರು?"

ನಮ್ಮವ್ವ ರಕ್ತ ಕಾರಿ ಸತ್ತಳು, ಅಲ್ಲವೇನೇ ಅಕ್ಕಾ? ತೆಲಿಗಿಯಲ್ಲಿ ಮಾಟ ಅಂದರು. ನೀನು ರಕ್ತ ಕಾರಿ ಸತ್ತೆ, ಅದನ್ನು ಅವ್ವನ ಮಾಟ ಮಗಳಿಗೆ ಇಳಿದದ್ದು ಅಂದರು. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಇಷ್ಟು ವರ್ಷ ಗಾದೆ ನಮಗೆ ನಿಜವನ್ನೇ ಹೇಳುತ್ತಿತ್ತು, ನಾವು ಅದನ್ನು ಗುಣಕ್ಕೆ ಅಂಟಿಸಿಕೊಂಡು ಕೂತಿದ್ದೆವು. ಡಾಕ್ಟರಮ್ಮ ಕೊನೆಗೆ ಕೇಳಿದರು, "ನಿಮ್ಮಕ್ಕನಿಗೆ ಮಕ್ಕಳು?"

ಆ ಮಾತಿಗೆ ನನ್ನ ಎದೆ ಒಡೆಯಿತು. ಅದರ ಬೆನ್ನಿಗೇ ಇನ್ನೊಂದೂ ಹೊಳೆಯಿತು. ಸುಮ್ಮನೆ ಹಿಡಿದರೂ ಕಲೆ ಬೀಳುತ್ತದೆ ಎಂದರಲ್ಲ, ಆ ಮನೆಯಲ್ಲಿ ಸಣ್ಣ ಬೆರಳಿನವರು ಇನ್ನೊಬ್ಬರಿದ್ದರು. ರಾತ್ರಿಯೆಲ್ಲ ನನ್ನ ಎಡತೋಳನ್ನು ಹಿಡಿದು ಮಲಗುತ್ತಿದ್ದವಳು ಅರ್ಚನಾ. ಕೂಸು ಪ್ರೀತಿಯಿಂದ ಹಿಡಿದದ್ದನ್ನು ದೆವ್ವದ ಹಿಡಿತ ಎಂದು, ಆ ಕೂಸನ್ನೇ ನನ್ನಿಂದ ಕಿತ್ತು ಹೊಳೆಯ ದಂಡೆಗೆ ಅಟ್ಟಿದ್ದರು. ನಾನು ಆಸ್ಪತ್ರೆಯ ಕಂಬಳಿಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ನಿನ್ನನ್ನು ಸುಮ್ಮಸುಮ್ಮನೆ ಬೈದಿದ್ದಕ್ಕೂ ಅತ್ತೆ. ಮರುದಿನ ಬೆಳಿಗ್ಗೆ ಅದೇ ತೋಳಿನ ಮೇಲೆ ಹೊಸದಾಗಿ ನಾಲ್ಕು ಬೆರಳು ಮೂಡಿದ್ದವು. ನರ್ಸ್ ಹಿಡಿದಿರಬೇಕು ಎಂದುಕೊಂಡೆ. ಆ ನರ್ಸಿನ ಕೈ ದಪ್ಪಗಿತ್ತು, ಅದನ್ನು ಹೆಚ್ಚು ಯೋಚಿಸಲು ಹೋಗಲಿಲ್ಲ.

ಮನೆಗೆ ಬಂದವಳೇ ಹೇಳಿದೆ, ಅರ್ಚನಾಳನ್ನು ಕರೆಸಿ, ರಕ್ತ ನೋಡಿಸಬೇಕು, ಅವಳಿಗೂ ಇದು ಬಂದಿರಬಹುದು, ಈಗಲೇ ಗೊತ್ತಾದರೆ ಕಾಪಾಡಬಹುದು. ಮಾವ ನೆಲ ನೋಡಿದರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಡಾಕ್ಟ್ರಿಗೇನ್ ಗೊತ್ತೈತಿ? ಮಗಳು ಕಣ್ಣಿಗೆ ಬಿದ್ದ್ರ ಅಕಿ ಒಯ್ತಾಳ. ನೀ ಬೇಕಾದ್ರ ಸಾಯಿ, ರುದ್ರವ್ವ, ನನ್ನ ಮೊಮ್ಮಗಳನ್ನ ಕೊಡೂದಿಲ್ಲ." ಕೆಟ್ಟವರಲ್ಲ ಅವರು. ಮೊಮ್ಮಗಳ ಮೇಲೆ ಪ್ರಾಣವೇ ಇಟ್ಟಿದ್ದಾರೆ. ಅದಕ್ಕೇ ಅವರನ್ನು ಸೋಲಿಸುವುದು ಕಷ್ಟ. ಅತ್ತು ಕಾಲು ಹಿಡಿದೆ. ಡಾಕ್ಟರಮ್ಮ ಕೊಟ್ಟ ಚೀಟಿ ತೋರಿಸಿದೆ. ಮಾಗಳಕ್ಕೆ ನಾನೇ ಹೊರಟರೆ ಬಸ್‌ಸ್ಟ್ಯಾಂಡಿನವರೆಗೂ ನಡೆಯುವ ಶಕ್ತಿ ಇರಲಿಲ್ಲ. ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಇಲ್ಲ, ನಿನ್ನ ಮಾತಿಗೆ ಇದೆ ಎಂದು ಆಗ ಗೊತ್ತಾಯಿತು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಬರದಿದ್ದರೆ ನಾವೇ ತರಿಸಿಕೊಳ್ಳಬೇಕು. ಮಟಮಟ ಮಧ್ಯಾಹ್ನ, ಬಟ್ಟಿ ಆರಿಸಿ ಮಾವ ಉಣ್ಣಲು ಬರುವ ಹೊತ್ತು. ನಿನ್ನ ಇಳಕಲ್ ಸೀರೆಯನ್ನು ಒಳಗಿನದು ಹೊರಗೆ ಮಾಡಿ ಉಟ್ಟೆ, ಬೈತಲೆಯನ್ನು ನಿನ್ನ ಹಾಗೆ ಓರೆಯಾಗಿ ತೆಗೆದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ನೀಡಿ ಕೂತೆ. ಬೀದಿಯಲ್ಲಿ ನಾಯಿಯ ಸದ್ದೂ ಇರಲಿಲ್ಲ. ಅತ್ತೆ ಬಂದು ನೋಡಿ ನಿಂತಲ್ಲೇ ನಿಂತರು. ನಾನು ಕಲಿತಿಟ್ಟುಕೊಂಡ ಮಾತನ್ನು ನಿನ್ನ ದನಿಯಲ್ಲಿ, ಮೂಗಿನಿಂದ, ಒಪ್ಪಿಸಿದೆ. "ಅತ್ತೀ, ನಾನು ಗುರುಬಸಿ. ನನ್ನ ಮಗಳನ್ನ ನಮ್ಮ ತಿಪ್ಪಿ ಕೈಯಾಗ ಕೊಡ್ರಿ, ದಾವಣಗೆರಿಗೆ ಒಯ್ದು ಅಕಿ ರಕ್ತ ನೋಡಿಸ್ರಿ. ಇಲ್ಲಾಂದ್ರ ಈ ಹೊಸ್ತಲ ಬಿಟ್ಟು ಏಳೂದಿಲ್ಲ." ಅಷ್ಟೇ ನಾನು ಆಡಿದ್ದು. ಒಳಗೊಳಗೇ ನಗು, ಒಳಗೊಳಗೇ ನಡುಕ. ಬಾಯಿ ಮುಚ್ಚಿಕೊಂಡು ಕೂತೆ.

ಅತ್ತೆ ಓಡಿ ಹೋಗಿ ತಾಮ್ರದ ತಂಬಿಗೆಯ ತುಂಬ ನೀರು ತಂದರು. ಎರಡೂ ಕೈಯಿಂದ ನನ್ನ ಬಾಯಿಗೆ ಹಿಡಿದರು. "ಕುಡಿಯವ್ವ, ಕುಡಿ, ಹೊಟ್ಟಿ ತುಂಬ ಕುಡಿ." ಅರ್ಧ ಸೀರೆಯ ಮೇಲೆ ಚೆಲ್ಲಿತು. ಗಾಳಿಗೆ ನೀರು ಕೊಟ್ಟು ಕಳಿಸುವ ಪದ್ಧತಿ ಇರಬೇಕು ಎಂದುಕೊಂಡು ಕುಡಿದೆ. ಬಾಗಿಲಲ್ಲಿ ಮಾವ ನಿಂತಿದ್ದರು, ಮಂಡಕ್ಕಿಯ ಹೊಟ್ಟು ಹತ್ತಿದ ಮುಖದಲ್ಲಿ ಕಣ್ಣೀರಿನ ಗೆರೆ. ಸಂಜೆಯ ಬಸ್ಸಿಗೇ ಅವರು ಮಾಗಳಕ್ಕೆ ಹೋದರು.

ನಿನ್ನ ಮಗಳು ಬಂದಳು, ಬಂದವಳೇ ನನ್ನ ತೋಳಿಗೆ ಜೋತುಬಿದ್ದಳು. ಎಲ್ಲರ ರಕ್ತವನ್ನೂ ನೋಡಿದರು. ಮಾವನಿಗೂ ಅತ್ತೆಗೂ ಏನೂ ಇಲ್ಲ, ಲಸಿಕೆ ಹಾಕಿದರು. ಅರ್ಚನಾಳ ರಕ್ತದಲ್ಲಿ ಅದು ಇದೆ ಅಕ್ಕಾ. ಅವ್ವ ನಮಗೆ ಕೊಟ್ಟದ್ದನ್ನೇ ನೀನು ಅವಳಿಗೆ ಕೊಟ್ಟು ಹೋಗಿದ್ದೀಯ. ಆದರೆ ಅಳಬೇಡ, ಅವಳ ಲಿವರ್ ಕೆಟ್ಟಿಲ್ಲ. "ಆರು ತಿಂಗಳಿಗೊಮ್ಮೆ ತಪ್ಪದೆ ಕರ್ಕೊಂಡು ಬನ್ನಿ. ವೈರಸ್ ಏಳೋ ಲಕ್ಷಣ ಕಂಡ್ರೆ ಮಾತ್ರೆ ಶುರು ಮಾಡ್ತೀವಿ. ಬಿಡಬೇಡಿ ಮಾತ್ರ" ಎಂದರು ಡಾಕ್ಟರಮ್ಮ. ನನ್ನ ವಿಷಯಕ್ಕೆ ಅಷ್ಟು ಉದ್ದ ಮಾತಾಡಲಿಲ್ಲ. ರಬ್ಬರಿನ ಉಂಗುರ ಇರುವಷ್ಟು ದಿನ ಇರುತ್ತವೆ.

ಇವತ್ತು ಎಡೆ ಎತ್ತುವಾಗ ಅತ್ತೆ ನಿನ್ನ ತಟ್ಟೆಯ ಪಕ್ಕ ಅದೇ ತಂಬಿಗೆಯ ತುಂಬ ನೀರು ಇಟ್ಟದ್ದು ಕಂಡು ನಾನು ಚೇಷ್ಟೆಗೆ ಕೇಳಿದೆ, "ಯಾಕ್ರೀ ಅತ್ತಿ, ಸತ್ತೋರಿಗೆ ಇಷ್ಟೊಂದು ನೀರಡಿಕಿ ಇರ್ತೈತೇನು?" ಅವರು ಕುಸಿದು ಕೂತರು. "ನೀನ ಕೇಳಿದ್ಯಲ್ಲವ್ವ ಅವತ್ತು. ಅಂವಗ ಕೇಳಸ್ತು, ನನಗೂ ಕೇಳಸ್ತು. 'ಆವತ್ತು ಕೇಳಿದ ನೀರು ಈಗರ ಕೊಡ್ರಿ ಅತ್ತೀ' ಅಂದ್ಯಲ್ಲ. ಅಕಿ ಸಾಯೂ ಹೊತ್ತಿಗೆ ನೀರು ನೀರು ಅಂತ ಬಡಕೊಂಡ್ಲು. ರಕ್ತ ಕಾರೋರಿಗೆ ನೀರು ಬಿಟ್ರ ಜೀವ ಅದರ ಹಿಂದ ಹೋಗ್ತೈತಿ ಅಂತ ಯಾರೋ ಅಂದ್ರು. ತಂಬಿಗಿ ಕೈಯಾಗ ಹಿಡಕೊಂಡ ಕುಂತೆ, ಕೊಡಲಿಲ್ಲ. ಖೋಲ್ಯಾಗ ನಾನು, ಅಕಿ, ಇಬ್ಬರ ಇದ್ದದ್ದು. ಯಾರ ಮುಂದೂ ಹೇಳಿದ್ದಿಲ್ಲ, ನನ್ನ ಮಗಗೂ ಹೇಳಿದ್ದಿಲ್ಲ." ಮಾವನ ಮುಖ ನೋಡಿದೆ. ಅವರು ಹೌದೆಂದು ತಲೆಯಾಡಿಸಿದರು.

ನಾನು ಆ ಮಾತು ಆಡಲಿಲ್ಲ ಅಕ್ಕಾ. ನಿನ್ನ ಮಗಳ ಆಣೆ. ನನಗೆ ಮಂಕು ಕವಿದಿತ್ತೇ? ಇರಬಹುದು. ಆದರೆ ಮಂಕು ಕವಿದವರು ತಮಗೆ ಗೊತ್ತಿಲ್ಲದ್ದನ್ನು ಹೇಗೆ ಹೇಳುತ್ತಾರೆ? ದಾವಣಗೆರೆಗೆ ಹೋದಾಗ ಕೇಳಬೇಕು ಎಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ನಾನು ನಾಟಕಕ್ಕೆಂದು ಬಾಗಿಲು ತೆರೆದೆ, ನೀನು ನಿಜವಾಗಿ ಬಂದು ನೀರು ಕುಡಿದು ಹೋದೆ. ಬಾಯಾರಿ ಹೋಗಿದ್ದೆಯಂತೆ, ನನಗೇ ಗೊತ್ತಿರಲಿಲ್ಲ. ಕುಡಿದೆಯಲ್ಲ, ಒಳ್ಳೆಯದಾಯಿತು.

ಅತ್ತೆಯ ಮೇಲೆ ಕೋಪ ಮಾಡಬೇಡ, ಅವರ ಕಣ್ಣೀರು ನಾನು ನೋಡಿದ್ದೇನೆ. ಅವರಿಗೆ ಒಂದು ಮಾತು ಮಾತ್ರ ಹೇಳಿಟ್ಟಿದ್ದೇನೆ. ನಾನು ಹೋದ ಮೇಲೆ ಅರ್ಚನಾಳನ್ನು ಒಂದು ಸಲವಾದರೂ ಆಸ್ಪತ್ರೆಗೆ ಕರೆದೊಯ್ಯುವುದು ತಪ್ಪಿದರೆ, ಆ ಹೊಸ್ತಿಲ ಮೇಲೆ ಒಬ್ಬಳಲ್ಲ, ಇಬ್ಬರು ಬಂದು ಕೂರುತ್ತೇವೆ ಎಂದು. ಅತ್ತೆ ನಗಲಿಲ್ಲ. ನಾನೂ ನಗೆಗೆ ಹೇಳಲಿಲ್ಲ.

ಬಸ್ಸಿನ ಸೀಟಿಗೆ ಟವೆಲ್ ಹಾಕಿಡುತ್ತಾರಲ್ಲ, ಹಾಗೆ ನಿನ್ನ ಪಕ್ಕ ನನಗೊಂದು ಜಾಗ ಹಿಡಿದಿರು. ಅವಸರ ಮಾತ್ರ ಮಾಡಬೇಡ. ಹುಡುಗಿಗೆ ನೂರು ವರ್ಷ ಆಯುಷ್ಯ ಆಗಲಿ ಎಂದು ಇಬ್ಬರೂ ಹರಸೋಣ. ನೀನು ಅಲ್ಲಿಂದ, ನಾನು ಸದ್ಯಕ್ಕೆ ಇಲ್ಲಿಂದ.

ನಿನ್ನ ತಂಗಿ,
ತಿಪ್ಪಿ